ಓಡಿದರೆ ಅಪಾಯ, ನಿಂತರೆ ಹೋಟೆಲ್: ಡೆಲ್ಟಾ ಕ್ವೀನ್ ಹಡಗಿನ ಗೊಂದಲ

ಅಮೆರಿಕದ ನದಿಗಳಲ್ಲಿ ಓಡುತ್ತಿದ್ದ ಡೆಲ್ಟಾ ಕ್ವೀನ್ ಎಂಬ ಹಳೆಯ ಸ್ಟೀಮ್‌ಬೋಟ್‌ನ ಸುದ್ದಿ ಓದಿದವರಿಗೆ ತಲೆ ಕೆಡುವುದು ಸಹಜ. 2008ರಲ್ಲಿ, ಇದು ಮರದ ಹಡಗು, ಬೆಂಕಿ ಬಿದ್ದರೆ ಕಷ್ಟ, ಜನರನ್ನು ರಾತ್ರಿ ಮಲಗಿಸಿಕೊಂಡು ಓಡುವಂತಿಲ್ಲ ಎಂದಾಯಿತು. ಮರುವರ್ಷವೇ ಅದೇ ಹಡಗು ಟೆನೆಸಿ ರಾಜ್ಯದ ಚಾಟನೂಗಾದಲ್ಲಿ ದಡಕ್ಕೆ ಕಟ್ಟಿದ ಹೋಟೆಲ್ ಆಯಿತು. ಅದೇ ಮರದ ಕೋಣೆ, ಅದೇ ಹಾಸಿಗೆ, ಅಲ್ಲೇ ರಾತ್ರಿ ಮಲಗುವ ಜನ. 2014ರಲ್ಲಿ ಹೋಟೆಲ್ ಮುಚ್ಚಿತು. 2018ರಲ್ಲಿ ಅಮೆರಿಕದ ಸಂಸತ್ತು 'ಮತ್ತೆ ಓಡಬಹುದು' ಎಂದಿತು. ಹಡಗು ಮಾತ್ರ ಹೊರಡಲಿಲ್ಲ.

ಆ ಅನುಮತಿಯ ಗಡುವು 2028ಕ್ಕೆ ಮುಗಿಯುತ್ತದೆ. ಗಡುವು ಹತ್ತಿರ ಬಂದಂತೆಲ್ಲ 'ಮತ್ತೆ ಹೋಟೆಲ್ ಮಾಡಿಬಿಟ್ಟರೆ ಆಗದೇ?' ಎಂಬ ಮಾತು ಏಳುತ್ತದೆ. ಓಡಲು ಯೋಗ್ಯವಲ್ಲದ ಹಡಗು ಮಲಗಲು ಹೇಗೆ ಯೋಗ್ಯ? ಹೋಟೆಲ್ ಆದರೆ ಹಡಗು ಉಳಿಯುತ್ತದೆಯೇ, ನಿಧಾನವಾಗಿ ಸಾಯುತ್ತದೆಯೇ? ಒಂದೊಂದಾಗಿ ಬಿಡಿಸಿ ನೋಡೋಣ.

ಹಡಗಿನ ಹಿನ್ನೆಲೆ

ಡೆಲ್ಟಾ ಕ್ವೀನ್‌ನ ಉದ್ದ 285 ಅಡಿ, ಅಗಲ 58 ಅಡಿ. 176 ಪ್ರಯಾಣಿಕರಿಗೆ ಜಾಗ. ತಳ ಉಕ್ಕಿನದು. ಅದರ ತಗಡುಗಳು ತಯಾರಾದದ್ದು ಸ್ಕಾಟ್ಲೆಂಡಿನ ಕ್ಲೈಡ್ ನದಿ ದಂಡೆಯಲ್ಲಿ. ನೀರನ್ನು ತಳ್ಳಿ ಹಡಗನ್ನು ಓಡಿಸುವ ಚಕ್ರದ ದಂಡವನ್ನು ಕಾಯಿಸಿ ಬಡಿದು ಮಾಡಿದ್ದು ಜರ್ಮನಿಯ ಕ್ರುಪ್ ಕಾರ್ಖಾನೆ. ಇವೆಲ್ಲ ಸೇರಿ ಹಡಗಾದದ್ದು ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಲ್ಲಿ. ನೀರಿನ ಮಟ್ಟದಿಂದ ಮೇಲಕ್ಕೆ ಬಹುಪಾಲು ಮರ: ಓಕ್, ತೇಗ, ಮಹಾಗನಿ. ಮುಂದಿನ ತಕರಾರೆಲ್ಲ ಹುಟ್ಟಿದ್ದು ಈ ಮರದಿಂದಲೇ.

1927ರಲ್ಲಿ ಡೆಲ್ಟಾ ಕಿಂಗ್ ಎಂಬ ಅವಳಿ ಹಡಗಿನ ಜೊತೆ ಇದು ಸ್ಯಾಕ್ರಮೆಂಟೊ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ರಾತ್ರಿ ಪ್ರಯಾಣಕ್ಕೆ ಇಳಿಯಿತು. ರಸ್ತೆಗಳು ಸುಧಾರಿಸಿ ಕಾರು ಜಾಸ್ತಿಯಾದ ಮೇಲೆ 1940ರಲ್ಲಿ ಆ ಸೇವೆ ನಿಂತುಹೋಯಿತು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆ ಇದನ್ನು ತೆಗೆದುಕೊಂಡು, ದೊಡ್ಡ ಹಡಗುಗಳಲ್ಲಿ ಬಂದ ಗಾಯಾಳುಗಳನ್ನು ದಡಕ್ಕೆ ಸಾಗಿಸಲು ಬಳಸಿತು. ಯುದ್ಧ ಮುಗಿದ ಮೇಲೆ ಸಿನ್ಸಿನಾಟಿಯ ಟಾಮ್ ಗ್ರೀನ್ 46,250 ಡಾಲರ್‌ಗೆ ಕೊಂಡರು. ಮೈತುಂಬ ಹಲಗೆ ಹೊಡೆದು, ಪೆಟ್ಟಿಗೆಯಂತೆ ಮುಚ್ಚಿ, 1947ರಲ್ಲಿ ಪನಾಮಾ ಕಾಲುವೆ ಮೂಲಕ ಎಳೆದು ತಂದರು. ನದಿಗೆಂದೇ ಕಟ್ಟಿದ ಹಡಗು ಸಮುದ್ರ ದಾಟಿದ್ದು ಹೀಗೆ. 1948ರಿಂದ ಓಹಾಯೊ, ಮಿಸಿಸಿಪ್ಪಿ, ಟೆನೆಸಿ ನದಿಗಳಲ್ಲಿ ಅದರ ಎರಡನೇ ಜೀವನ. 1979ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕುಟುಂಬ ಸಮೇತ ಸೇಂಟ್ ಪಾಲ್‌ನಿಂದ ಸೇಂಟ್ ಲೂಯಿಸ್‌ವರೆಗೆ ಇದರಲ್ಲೇ ಪ್ರಯಾಣ ಮಾಡಿದ್ದರು. 1989ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು.

ಸ್ಮಾರಕ ಎಂದ ಕೂಡಲೇ ಸರ್ಕಾರವೇ ಕಾಪಾಡುತ್ತದೆ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಈ ಪಟ್ಟ ಬಹುಮಟ್ಟಿಗೆ ಗೌರವದ್ದು. ಖಾಸಗಿ ಮಾಲೀಕರು ತಮ್ಮ ದುಡ್ಡಿನಲ್ಲಿ ಏನಾದರೂ ಬದಲಾಯಿಸಿದರೆ ಅದು ತಡೆಯುವುದಿಲ್ಲ. ರಿಪೇರಿಗೆ ತಾನಾಗಿ ದುಡ್ಡೂ ಕೊಡುವುದಿಲ್ಲ.

ಸಮುದ್ರದ ಬೆಂಕಿ, ನದಿಗೆ ಬಂದ ಕಾನೂನು

1965ರ ನವೆಂಬರ್‌ನಲ್ಲಿ ಮಯಾಮಿಯಿಂದ ನಸ್ಸಾವ್‌ಗೆ ಹೊರಟಿದ್ದ ಯಾರ್ಮತ್ ಕ್ಯಾಸಲ್ ಎಂಬ ಹಡಗು ನಡುರಾತ್ರಿ ಹೊತ್ತಿ ಉರಿಯಿತು. 90 ಜನ ಸತ್ತರು. ಮೇಲ್ಭಾಗದ ಮರ ಬೆಂಕಿಗೆ ದಾರಿ ಮಾಡಿಕೊಟ್ಟಿತ್ತು. ಮರುವರ್ಷ, 1966ರಲ್ಲಿ, ಸಂಸತ್ತು ಕಾನೂನು ತಂದಿತು. 50 ಅಥವಾ ಅದಕ್ಕಿಂತ ಹೆಚ್ಚು ಜನ ರಾತ್ರಿ ಮಲಗುವ ಪ್ರಯಾಣಿಕರ ಹಡಗು ಸುಲಭವಾಗಿ ಉರಿಯದ ವಸ್ತುಗಳಿಂದಲೇ ಕಟ್ಟಿದ್ದಾಗಿರಬೇಕು.

ಕಾನೂನು ಬರೆದವರ ಕಣ್ಣಮುಂದೆ ಇದ್ದದ್ದು ಸಮುದ್ರದ ಹಡಗುಗಳು. ಆದರೆ ಬಲೆಗೆ ನದಿಯ ಡೆಲ್ಟಾ ಕ್ವೀನ್ ಕೂಡ ಬಿತ್ತು. ಹಾಗಾಗಿ ಸಂಸತ್ತು ಈ ಒಂದು ಹಡಗಿಗೆ ವಿನಾಯಿತಿ ಕೊಟ್ಟಿತು, ಮುಗಿದಾಗ ಮುಂದುವರಿಸಿತು, ಮತ್ತೆ ಮತ್ತೆ ಮುಂದುವರಿಸಿತು. ನಾಲ್ಕು ದಶಕ ಇದೇ ನಡೆಯಿತು. ಮನೆ ಬಾಡಿಗೆ ಕರಾರು ನವೀಕರಿಸಿದ ಹಾಗೆ.

2008ರಲ್ಲಿ ಕರಾರು ನವೀಕರಣ ಆಗಲಿಲ್ಲ. ಸಂಸತ್ತಿನ ಕೆಳಮನೆಯ ಸಾರಿಗೆ ಸಮಿತಿಯ ಅಧ್ಯಕ್ಷರಾಗಿದ್ದ ಮಿನೆಸೋಟಾದ ಜಿಮ್ ಓಬರ್‌ಸ್ಟಾರ್ ಒಪ್ಪಲಿಲ್ಲ. ಬೆಂಕಿಯ ಅಪಾಯ ನಿಜ, ಎಷ್ಟು ದಿನ ಕಣ್ಣು ಮುಚ್ಚಿಕೊಂಡಿರುವುದು ಎಂಬುದು ಅವರ ನಿಲುವು. ಓಹಾಯೊದ ಸ್ಟೀವ್ ಶಾಬಟ್ ಮುಂತಾದವರು ವಿನಾಯಿತಿಗೆ ಹೋರಾಡಿದರು. ಹಡಗಿನ ಹೊಸ ಮಾಲೀಕರು ಕಾರ್ಮಿಕ ಸಂಘದ ಒಪ್ಪಂದ ಮುಂದುವರಿಸಲಿಲ್ಲ, ವಿರೋಧದ ಅಸಲಿ ಕಾರಣ ಅದೇ ಎಂದು ಆಡಿಕೊಂಡವರೂ ಇದ್ದರು. ಕಾರಣ ಏನೇ ಇರಲಿ, ಆ ವರ್ಷದ ನವೆಂಬರ್‌ಗೆ ವಿನಾಯಿತಿ ಮುಗಿಯಿತು. ಹಡಗು ನಿಂತಿತು. 2009ರ ಜೂನ್‌ನಲ್ಲಿ ಚಾಟನೂಗಾದ ಕೂಲಿಜ್ ಪಾರ್ಕ್ ದಡದಲ್ಲಿ ಹೋಟೆಲ್ ಆಗಿ ಬಾಗಿಲು ತೆರೆಯಿತು.

ನಿಂತ ಕೂಡಲೇ ಕಾನೂನು ಯಾಕೆ ಬದಲಾಗುತ್ತದೆ?

ಮೇಲ್ನೋಟಕ್ಕೆ ಇದು ಅಡ್ಡದಾರಿಯಂತೆ ಕಾಣುತ್ತದೆ. ಪೂರ್ತಿ ಹಾಗಲ್ಲ.

ನದಿಯ ನಡುವೆ ರಾತ್ರಿ ಎರಡು ಗಂಟೆಗೆ ಬೆಂಕಿ ಬಿತ್ತು ಎಂದುಕೊಳ್ಳಿ. ಅಗ್ನಿಶಾಮಕ ವಾಹನ ಬರುವುದಿಲ್ಲ. ಹಡಗು ಮೊದಲು ದಡ ಮುಟ್ಟಬೇಕು. ದಡ ಮುಟ್ಟಲು ಎಂಜಿನ್ ಓಡುತ್ತಿರಬೇಕು, ಬಾಯ್ಲರ್ ಕೋಣೆಯಲ್ಲಿ ಜನ ಇರಬೇಕು, ದಡ ಸಿಕ್ಕಿದ ಕಡೆ ಇಳಿಯುವ ಹಾಗಿರಬೇಕು. ಅದೇ ಹಡಗು ಊರ ನಡುವೆ ದಡಕ್ಕೆ ಕಟ್ಟಿದ್ದರೆ, ಸೇತುಹಲಗೆ ದಾಟಿದರೆ ನೆಲ. ಪಕ್ಕದಲ್ಲೇ ನಗರದ ನೀರಿನ ಕೊಳಾಯಿ, ಕೆಲವೇ ನಿಮಿಷದ ದೂರದಲ್ಲಿ ಅಗ್ನಿಶಾಮಕ ಠಾಣೆ. ಮರ ಅದೇ, ಅಪಾಯ ಅಷ್ಟೇ ಅಲ್ಲ.

ಇನ್ನೊಂದು, ದಡಕ್ಕೆ ಕಟ್ಟಿದ ಹಡಗಿನಲ್ಲಿ ಮಲಗುವವನು ಕಾನೂನಿನ ಕಣ್ಣಲ್ಲಿ ಪ್ರಯಾಣಿಕನಲ್ಲ, ವಸತಿಗೆ ಬಂದವನು. ಅವನನ್ನು ಯಾರೂ ಎಲ್ಲಿಗೂ ಕರೆದೊಯ್ಯುತ್ತಿಲ್ಲ. ಕಾಯಂ ಆಗಿ ಕಟ್ಟಿದ ಹಡಗು ಎಂದು ಒಪ್ಪಿಗೆಯಾದರೆ ಹಡಗುಗಳ ತಪಾಸಣೆ ಮಾಡುವ ಕೋಸ್ಟ್ ಗಾರ್ಡ್ ಹಿಂದೆ ಸರಿಯುತ್ತದೆ, ಊರಿನ ಕಟ್ಟಡ ಮತ್ತು ಅಗ್ನಿ ಅಧಿಕಾರಿಗಳು ಮುಂದೆ ಬರುತ್ತಾರೆ.

ಆದರೆ 'ಇದು ಇನ್ನು ಹಡಗಲ್ಲ' ಎಂದು ಹೇಳುವುದು ಅಷ್ಟು ಸಲೀಸಲ್ಲ. ನೀರಿನ ಮೇಲೆ ಸಾಗಿಸಲು ಬಳಸುವ, ಅಥವಾ ಬಳಸಬಹುದಾದ ಏನಿದ್ದರೂ ಅದು ಹಡಗು ಎನ್ನುತ್ತದೆ ಅಮೆರಿಕದ ಕಾನೂನು. ಆ 'ಬಳಸಬಹುದಾದ' ಎಂಬ ಪದ ಇಟ್ಟುಕೊಂಡೇ ವಕೀಲರು ನೂರು ವರ್ಷದಿಂದ ಜಗಳ ಆಡುತ್ತಿದ್ದಾರೆ. 1926ರಲ್ಲಿ ಸುಪ್ರೀಂ ಕೋರ್ಟ್, ದಡಕ್ಕೆ ಕಟ್ಟಿ ಗೋದಾಮಿನಂತೆ ಬಳಸುತ್ತಿದ್ದ ತೇಲುಕಟ್ಟೆಯೊಂದನ್ನು ಹಡಗಲ್ಲ ಎಂದಿತು. 2013ರಲ್ಲಿ ಫ್ಲಾರಿಡಾದ ಒಂದು ತೇಲುವ ಮನೆಯ ಕೇಸ್ ಬಂತು. ಪ್ಲೈವುಡ್ ಗೋಡೆ, ಗಾಜಿನ ಬಾಗಿಲು, ಎಂಜಿನ್ ಇಲ್ಲ, ಚುಕ್ಕಾಣಿ ಇಲ್ಲ. ಸಾಮಾನ್ಯ ತಿಳಿವಳಿಕೆ ಇರುವವನು ನೋಡಿದರೆ, ಜನರನ್ನೋ ಸರಕನ್ನೋ ಸಾಗಿಸಲು ಮಾಡಿದ್ದು ಎನಿಸಬೇಕು, ಹಾಗೆ ಅನಿಸದಿದ್ದರೆ ಹಡಗಲ್ಲ ಎಂದು ಕೋರ್ಟ್ ತೀರ್ಪು ಕೊಟ್ಟಿತು. (ತೀರ್ಪು ಬರುವ ಹೊತ್ತಿಗೆ ಆ ಮನೆಯನ್ನು ನಗರಾಡಳಿತ ಹರಾಜಿನಲ್ಲಿ ಕೊಂಡು ಒಡೆದುಹಾಕಿಯಾಗಿತ್ತು. ಗೆದ್ದವನಿಗೆ ಮನೆ ಇರಲಿಲ್ಲ.)

ಈ ಒರೆಗೆ ಡೆಲ್ಟಾ ಕ್ವೀನ್ ಹಚ್ಚಿ ನೋಡಿ. ಹಿಂಬದಿಯಲ್ಲಿ ದೊಡ್ಡ ಕೆಂಪು ಚಕ್ರ, ಮೇಲೆ ಚುಕ್ಕಾಣಿ ಕೋಣೆ, ಹೊಗೆಕೊಳವೆ. ಯಾವ ಮಗುವನ್ನು ಕೇಳಿದರೂ ಹಡಗು ಅನ್ನುತ್ತದೆ, ಅಲ್ವಾ? ಅದನ್ನು ಪಕ್ಕಾ 'ಕಟ್ಟಡ' ಮಾಡಬೇಕಾದರೆ ಎಂಜಿನ್ ಕಳಚಬೇಕು, ಚುಕ್ಕಾಣಿ ತೆಗೆಯಬೇಕು, ನೆಲಕ್ಕೆ ಭದ್ರವಾಗಿ ಬೆಸೆಯಬೇಕು. ಅಂದರೆ ಯಾವುದರಿಂದ ಅದು ಚರಿತ್ರೆಯ ವಸ್ತುವಾಗಿದೆಯೋ ಅದನ್ನೇ ಕೀಳಬೇಕು. ಎಲ್ಲ ಹಾಗೇ ಇಟ್ಟುಕೊಂಡರೆ ಹಡಗೋ ಕಟ್ಟಡವೋ ಎಂಬ ತ್ರಿಶಂಕು ಸ್ಥಿತಿ.

ತ್ರಿಶಂಕುವಿಗೆ ಬೆಲೆ ಇದೆ. ಅಲ್ಲಿ ಕೆಲಸ ಮಾಡುವ ಅಡುಗೆಯವನು ಜಾರಿ ಬಿದ್ದರೆ ಅವನು ನಾವಿಕನೋ, ಹೋಟೆಲ್ ನೌಕರನೋ? ಪರಿಹಾರದ ಕಾನೂನು ಎರಡಕ್ಕೂ ಬೇರೆ ಬೇರೆ. ಹಡಗಿನ ಮಾಲೀಕರ ಹೊಣೆಯನ್ನು ಹಡಗಿನ ಬೆಲೆಯಷ್ಟಕ್ಕೇ ಸೀಮಿತಗೊಳಿಸುವ 1851ರ ಕಾನೂನಿನ ರಕ್ಷಣೆ 'ಕಟ್ಟಡ'ಕ್ಕೆ ಸಿಗುವುದಿಲ್ಲ. ವಿಮೆ ಕಂಪನಿಗಳು ಇಂಥ ಅಸ್ಪಷ್ಟತೆ ಕಂಡರೆ ಕಂತು ಏರಿಸುತ್ತವೆ.

ಯಾರು ಏನು ಹೇಳುತ್ತಾರೆ?

ಹೋಟೆಲ್ ಪರ ಇರುವವರ ವಾದ ನೇರವಾಗಿದೆ. ಖಾಲಿ ನಿಂತ ಮರದ ಹಡಗು ಬೇಗ ಹಾಳಾಗುತ್ತದೆ. ಜನ ಇದ್ದರೆ ದೀಪ ಉರಿಯುತ್ತದೆ, ಸೋರುವುದು ಅವತ್ತೇ ಕಾಣುತ್ತದೆ, ಕೋಣೆ ಬಾಡಿಗೆಯಲ್ಲಿ ಬಣ್ಣದ ಖರ್ಚಾದರೂ ಹುಟ್ಟುತ್ತದೆ. ಯಾನಕ್ಕೆ ಸಾವಿರಾರು ಡಾಲರ್ ಕೊಡಲಾಗದವರು ಒಂದು ರಾತ್ರಿ ಬಂದು ಉಳಿಯಬಹುದು.

ವಿರೋಧಿಸುವವರದು ಎರಡು ಗುಂಪು. ಒಂದು ಗುಂಪಿಗೆ ಸ್ಟೀಮ್‌ಬೋಟ್ ಅಂದರೆ ಓಡುವ ಹಡಗು, ನಿಂತರೆ ಅದು ಸುಮ್ನೆ ಅಲಂಕಾರದ ಮನೆ. ಹಬೆ ಎಂಜಿನ್ ನಡೆಸುವ ಕೆಲಸ ಪುಸ್ತಕ ಓದಿ ಬರುವುದಲ್ಲ, ಎಂಜಿನ್ ನಿಂತರೆ ಆ ಕೆಲಸ ಬಲ್ಲವರೂ ಚದುರುತ್ತಾರೆ ಎಂಬುದು ಇವರ ಭಯ. ಇನ್ನೊಂದು ಗುಂಪಿಗೆ ಬೆಂಕಿಯದೇ ಚಿಂತೆ, ದಡದಲ್ಲಿದ್ದರೂ. ಈ ಎರಡನೆಯವರ ಮಾತಿನಲ್ಲಿ ಸಲೀಸಾಗಿ ತಳ್ಳಿಹಾಕಲಾಗದ ಒಂದು ಅಂಶ ಇದೆ. ಓಡುವ ಹಡಗಿನಲ್ಲಿ ರಾತ್ರಿಯಿಡೀ ಪಾಳಿಯಲ್ಲಿ ಸಿಬ್ಬಂದಿ ಎಚ್ಚರ ಇರುತ್ತಾರೆ, ಬೆಂಕಿ ಆರಿಸುವ ಅಭ್ಯಾಸವನ್ನು ಪದೇ ಪದೇ ಮಾಡುತ್ತಾರೆ. ಹೋಟೆಲ್ ಆದಾಗ ಲಾಭ ಉಳಿಸಲು ಮೊದಲು ಕಡಿಮೆಯಾಗುವುದೇ ರಾತ್ರಿ ಪಾಳಿ. ಆಗ ಎಚ್ಚರ ಇರುವುದು ಕೌಂಟರ್‌ನಲ್ಲಿ ಕೂತ ಒಬ್ಬರೋ ಇಬ್ಬರೋ.

ಊರಿನವರ ಮಾತು ಬೇರೆಯೇ. ದಡದ ಒಳ್ಳೆಯ ಜಾಗವನ್ನು ಒಂದು ಖಾಸಗಿ ವ್ಯವಹಾರ ಹಿಡಿದುಕೊಂಡಿದೆ, ಹಡಗಿನ ಬಣ್ಣ ಮಾಸಿದರೆ ನಮ್ಮ ನದಿದಂಡೆಯ ಅಂದ ಕೆಡುತ್ತದೆ ಎಂಬ ದೂರು ಇಂಥ ಕಡೆ ಬೇಗ ಬರುತ್ತದೆ. ಹಡಗು ಬಂದ ವರ್ಷ ಬ್ಯಾಂಡ್ ಬಾರಿಸಿದ ಊರೇ ಐದಾರು ವರ್ಷಕ್ಕೆ ಬೇಸರಪಟ್ಟುಕೊಳ್ಳುವುದುಂಟು.

ನಿಂತ ನೀರಲ್ಲಿ ನಿಂತ ತಳ

ಸುದ್ದಿಗಳಲ್ಲಿ ಅತಿ ಕಡಿಮೆ ಬರುವ, ಆದರೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಹಡಗಿನ ತಳ. ಓಡುವ ಪ್ರಯಾಣಿಕರ ಹಡಗನ್ನು ನಿಗದಿತ ಅವಧಿಗೊಮ್ಮೆ ನೀರಿನಿಂದ ಎತ್ತಿ, ಡ್ರೈಡಾಕ್‌ನಲ್ಲಿ ಒಣಗಿಸಿ ನೋಡಲೇಬೇಕು. ಸಿಹಿನೀರಿನ ಹಡಗಿಗೆ ಐದು ವರ್ಷಕ್ಕೊಮ್ಮೆ. ತಳದ ತಗಡಿನ ದಪ್ಪವನ್ನು ಶಬ್ದದ ಅಲೆ ಬಿಟ್ಟು ಅಳೆಯುತ್ತಾರೆ. ಸವೆದ ಕಡೆ ಹೊಸ ತಗಡು ಬೆಸೆಯುತ್ತಾರೆ. ಯಾರೂ ಇಷ್ಟಪಟ್ಟು ಮಾಡುವ ಖರ್ಚಲ್ಲ ಇದು. ಮಾಡದಿದ್ದರೆ ಸರ್ಟಿಫಿಕೇಟ್ ಇಲ್ಲ ಎಂಬ ಕಾರಣಕ್ಕೆ ಮಾಡುತ್ತಾರೆ.

ಹೋಟೆಲ್ ಆದ ದಿನ ಆ ಒತ್ತಾಯ ಸಡಿಲವಾಗುತ್ತದೆ. ಊರಿನ ಅಗ್ನಿ ಅಧಿಕಾರಿ ಮೆಟ್ಟಿಲು ನೋಡುತ್ತಾರೆ, ವೈರಿಂಗ್ ನೋಡುತ್ತಾರೆ. ನೀರಿನಡಿಯ ತಗಡು ಅವರ ಕೆಲಸವಲ್ಲ. ಉಕ್ಕು ಹೆಚ್ಚು ತುಕ್ಕು ಹಿಡಿಯುವುದು ನೀರು, ಗಾಳಿ ಎರಡೂ ತಾಗುವ ಗೆರೆಯಲ್ಲಿ. ಓಡುವ ಹಡಗಿನಲ್ಲಿ ಭಾರ ಬದಲಾದಂತೆ ಆ ಗೆರೆ ಅಷ್ಟಿಷ್ಟು ಮೇಲೆ ಕೆಳಗೆ ಆಗುತ್ತದೆ. ನಿಂತ ಹಡಗಿನಲ್ಲಿ ಅದು ವರ್ಷಗಟ್ಟಲೆ ಒಂದೇ ಕಡೆ ತಿನ್ನುತ್ತದೆ. ಮೇಲಿನಿಂದ ಮಳೆನೀರು ಹಲಗೆಗಳ ಸಂದಿಯಲ್ಲಿ ಇಳಿದು ಮರವನ್ನು ಒಳಗಿನಿಂದ ಮೆತ್ತಗೆ ಮಾಡುತ್ತದೆ. ಹೊರಗಿನ ಬಿಳಿ ಬಣ್ಣದಲ್ಲಿ ಏನೂ ಕಾಣುವುದಿಲ್ಲ. ಬೆರಳಿಟ್ಟು ಒತ್ತಿದರೆ ಬಣ್ಣದ ಪದರ ಒಳಕ್ಕೆ ಕುಸಿಯುತ್ತದೆ.

ನೀರಿನ ಏರಿಳಿತವೂ ಇದೆ. ಕರೆಂಟ್, ಕುಡಿಯುವ ನೀರು, ಕೊಳಚೆ ಎಲ್ಲವೂ ದಡದಿಂದ ಬಾಗುವ ಪೈಪು, ಕೇಬಲ್‌ಗಳಲ್ಲಿ ಬರಬೇಕು. ನದಿ ಏರಿದರೆ ಹಡಗು ಏರುತ್ತದೆ, ದಡ ಏರುವುದಿಲ್ಲ. ಈ ವಿಷಯದಲ್ಲಿ ಚಾಟನೂಗಾ ಒಳ್ಳೆಯ ಆಯ್ಕೆಯೇ ಆಗಿತ್ತು. ಊರಿನ ಮೇಲುಗಡೆ ಚಿಕಮಾಗಾ ಅಣೆಕಟ್ಟು, ಕೆಳಗಡೆ ನಿಕಜ್ಯಾಕ್ ಅಣೆಕಟ್ಟು, ನಡುವೆ ನೀರಿನ ಮಟ್ಟ ಹಿಡಿತದಲ್ಲಿರುತ್ತದೆ. ಮಿಸಿಸಿಪ್ಪಿ ದಡದಲ್ಲಿ ಇದೇ ಹೋಟೆಲ್ ನಡೆಸುವುದು ಬೇರೆಯೇ ಪಾಡು.

ಆ ಪಾಡು ಏನೆಂದು ತಿಳಿಯಲು ಸೇಂಟ್ ಲೂಯಿಸ್‌ನ ಅಡ್ಮಿರಲ್ ಹಡಗನ್ನು ನೆನೆಯಬೇಕು. ಎಂಜಿನ್ ತೆಗೆದು, ದಡಕ್ಕೆ ಕಟ್ಟಿ, ಕ್ಯಾಸಿನೊ ಮಾಡಿದ್ದರು. 1998ರ ಏಪ್ರಿಲ್ 4ರ ರಾತ್ರಿ ಆನ್ ಹಾಲಿ ಎಂಬ ಟಗ್ ತಳ್ಳಿಕೊಂಡು ಹೋಗುತ್ತಿದ್ದ ಸರಕು ದೋಣಿಗಳು ಈಡ್ಸ್ ಸೇತುವೆಗೆ ಬಡಿದು, ಕಳಚಿ, ಪ್ರವಾಹದಲ್ಲಿ ಬಂದು ಅಡ್ಮಿರಲ್‌ಗೆ ಗುದ್ದಿದವು. ಒಳಗೆ ಸುಮಾರು 2,000 ಜನ. ಕಟ್ಟಿದ ಹಗ್ಗಗಳು ಒಂದೊಂದಾಗಿ ತುಂಡಾಗಿ, ಹಡಗು ದಡ ಬಿಟ್ಟು ತಿರುಗತೊಡಗಿತು. ಕೊನೆಗೆ ಆನ್ ಹಾಲಿಯ ಕ್ಯಾಪ್ಟನ್ನೇ ತನ್ನ ಟಗ್‌ನ ಮೂತಿಯನ್ನು ಅಡ್ಮಿರಲ್‌ಗೆ ಒತ್ತಿ ಹಿಡಿದು, ಅದು ತೇಲಿಹೋಗದಂತೆ ನಿಲ್ಲಿಸಿದ. ಯಾರೂ ಸಾಯಲಿಲ್ಲ. ಆದರೆ ಆ ರಾತ್ರಿ ಅಡ್ಮಿರಲ್‌ಗೆ ತನ್ನದೇ ಎಂಜಿನ್ ಇರಲಿಲ್ಲ. ಹಗ್ಗ ಹರಿದರೆ 'ಕಟ್ಟಡ' ಮತ್ತೆ ಹಡಗಾಗುತ್ತದೆ, ಅದೂ ಚಾಲಕನಿಲ್ಲದ ಹಡಗು.

ಬೇರೆ ಹಡಗುಗಳ ಗತಿ

ಹೋಲಿಕೆಗೆ ದೂರ ಹೋಗಬೇಕಿಲ್ಲ. ಡೆಲ್ಟಾ ಕಿಂಗ್ ಇದೆಯಲ್ಲ. 1950ರ ದಶಕದಲ್ಲಿ ಅದನ್ನು ಕೆನಡಾದ ಕಿಟಿಮ್ಯಾಟ್‌ಗೆ ಎಳೆದೊಯ್ದು ಅಲ್ಯುಮಿನಿಯಂ ಕಾರ್ಖಾನೆಯ ಕೆಲಸಗಾರರ ವಸತಿಗೆ ಬಳಸಿದರು. ಅದರ ಎಂಜಿನ್ ಭಾಗಗಳು ಡೆಲ್ಟಾ ಕ್ವೀನ್‌ಗೆ ಬಿಡಿಭಾಗವಾಗಿ ಹೋದವು. 1981ರಲ್ಲಿ ಕ್ಯಾಲಿಫೋರ್ನಿಯಾದ ರಿಚ್‌ಮಂಡ್‌ನಲ್ಲಿ ಕಟ್ಟಿದಲ್ಲೇ ಅರ್ಧ ಮುಳುಗಿತು. ಮೇಲೆತ್ತಿ, 1984ರಲ್ಲಿ ಹಳೆ ಸ್ಯಾಕ್ರಮೆಂಟೊ ದಡಕ್ಕೆ ತಂದು, ಐದು ವರ್ಷ ದುರಸ್ತಿ ಮಾಡಿ, 1989ರಲ್ಲಿ ಹೋಟೆಲ್ ತೆರೆದರು. ಈಗ 44 ಕೋಣೆ, ಊಟದ ಮನೆ, ನಾಟಕದ ಹಾಲ್. ಮತ್ತೆ ಓಡುತ್ತದೆ ಎಂಬ ಆಸೆಯನ್ನು ಅದು ಯಾರಿಗೂ ತೋರಿಸಲಿಲ್ಲ. ಅದು ಗೆದ್ದ ಗುಟ್ಟೂ ಬಹುಶಃ ಅದೇ: ಮೊದಲ ದಿನದಿಂದ ಹೋಟೆಲ್ ಎಂದೇ ಲೆಕ್ಕ ಹಾಕಿ, ಹೋಟೆಲ್ ಎಂದೇ ದುಡ್ಡು ಸುರಿದರು.

ಡೆಲ್ಟಾ ಕ್ವೀನ್ ಹಾಗಲ್ಲ. ಚಾಟನೂಗಾದಲ್ಲಿ ಅದು ಹೋಟೆಲ್ ಆಗಿದ್ದಾಗಲೂ ಎಲ್ಲರ ಮನಸ್ಸು ನದಿಯ ಕಡೆಗೇ ಇತ್ತು. ನಾಳೆ ಹೋಗಿಬಿಡುವ ಹಡಗಿಗೆ ಕಾಯಂ ಏರ್ಪಾಡು ಯಾರು ಮಾಡುತ್ತಾರೆ?

ದೊಡ್ಡ ಉದಾಹರಣೆ ಬೇಕಾದರೆ ಲಾಂಗ್ ಬೀಚ್‌ನ ಕ್ವೀನ್ ಮೇರಿ. ಅದು ಸಮುದ್ರದ ಹಡಗು, ಗಾತ್ರಕ್ಕೆ ಹೋಲಿಕೆ ಇಲ್ಲ, ಆದರೆ ಲೆಕ್ಕಾಚಾರ ಒಂದೇ. 1967ರಲ್ಲಿ ನಗರವೇ ಕೊಂಡುಕೊಂಡಿತು. ನಡೆಸುವವರು ಒಬ್ಬರಾದ ಮೇಲೊಬ್ಬರು ಬಂದರು, ಹೋದರು. ಕೋಣೆ ತುಂಬಿಸುವುದು ಎಲ್ಲರಿಗೂ ಗೊತ್ತಿತ್ತು, ತಳದ ಖರ್ಚು ಮುಂದಿನವರಿಗೆ ಬಿಟ್ಟರು. 2017ರ ಪರಿಶೀಲನೆ, ಪೂರ್ತಿ ದುರಸ್ತಿಗೆ 23.5 ಕೋಟಿಯಿಂದ 28.9 ಕೋಟಿ ಡಾಲರ್ ಬೇಕು ಎಂದಿತು. 2021ರಲ್ಲಿ ಹಡಗು ಮತ್ತೆ ನಗರದ ಕೈಗೆ ಬಂದಾಗ, ತುರ್ತು ಕೆಲಸಕ್ಕೇ 2.3 ಕೋಟಿ ಡಾಲರ್ ಎಂಬ ಪಟ್ಟಿ ಜೊತೆಗೆ ಬಂತು. ಅಡ್ಮಿರಲ್ ಅಷ್ಟು ದಿನವೂ ಉಳಿಯಲಿಲ್ಲ. 2011ರಲ್ಲಿ ಗುಜರಿಗೆ ಹೋಯಿತು.

ಲೆಕ್ಕ ಯಾಕೆ ಕೂಡುವುದಿಲ್ಲ?

176 ಜನ ಅಂದರೆ 88 ಕೋಣೆ. ಹಡಗಿನ ಕೋಣೆಗಳು ಚಿಕ್ಕವು, ಮೆಟ್ಟಿಲು ಕಡಿದಾದವು, ಬಾಗಿಲು ಇಕ್ಕಟ್ಟು. ಯಾನದಲ್ಲಿ ಜನ ಇದನ್ನು ಸಹಿಸುತ್ತಾರೆ, ಯಾಕೆಂದರೆ ಕಿಟಕಿಯಾಚೆ ದಿನವೂ ಬೇರೆ ಊರು. ನಿಂತ ಹಡಗಿನ ಕಿಟಕಿಯಾಚೆ ದಿನವೂ ಅದೇ ಪಾರ್ಕಿಂಗ್. ಹಾಗಾಗಿ ಬಾಡಿಗೆಯನ್ನು ಪಕ್ಕದ ಕಾಂಕ್ರೀಟ್ ಹೋಟೆಲ್‌ಗಿಂತ ಬಹಳ ಮೇಲೆ ಇಡಲಾಗುವುದಿಲ್ಲ. ಆದರೆ ಖರ್ಚು ಕಟ್ಟಡದ್ದೂ ಹೌದು, ಹಡಗಿನದ್ದೂ ಹೌದು. ಮೊದಲ ವರ್ಷ ಹೊಸತನಕ್ಕೆ ಜನ ಬರುತ್ತಾರೆ. ಆಮೇಲೆ ಆದಾಯ ಇಳಿಯುವ ಹೊತ್ತಿಗೇ ತಳ, ಚಾವಣಿ, ಮರದ ದೊಡ್ಡ ಖರ್ಚುಗಳು ಏರುತ್ತವೆ. ಎರಡು ಗೆರೆಗಳು ಒಂದನ್ನೊಂದು ಕತ್ತರಿಸುವ ಕಡೆ ಮಾಲೀಕರು ಬದಲಾಗುತ್ತಾರೆ.

2018ರ ಅನುಮತಿಯಲ್ಲಿ ಏನಿತ್ತು?

2015ರಲ್ಲಿ ಹೊಸ ಮಾಲೀಕರು ಡೆಲ್ಟಾ ಕ್ವೀನ್ ಅನ್ನು ಲೂಸಿಯಾನಾದ ಹೋಮಾಕ್ಕೆ ಎಳೆಸಿಕೊಂಡು ಹೋದರು. 2018ರ ಡಿಸೆಂಬರ್‌ನಲ್ಲಿ ವಿನಾಯಿತಿಯೂ ಸಿಕ್ಕಿತು. ಹಾಗಾದರೆ ತೊಡಕೇನು? ಅನುಮತಿ ಸುಮ್ನೆ ಕೊಟ್ಟದ್ದಲ್ಲ. ಸುಲಭವಾಗಿ ಉರಿಯುವ ವಸ್ತುವಿನಿಂದ ಕಟ್ಟಿದ ಭಾಗದಲ್ಲಿ ಪ್ರತಿ ವರ್ಷ ಕನಿಷ್ಠ ಶೇ 10ರಷ್ಟನ್ನು ಮಾರ್ಪಡಿಸುತ್ತ ಹೋಗಬೇಕು. ಹಡಗು ಬೆಂಕಿ ಸುರಕ್ಷತೆಯ ಮಟ್ಟ ಮುಟ್ಟಿಲ್ಲ ಎಂದು ಪ್ರಯಾಣಿಕರಿಗೆ ಮೊದಲೇ ಹೇಳಬೇಕು. ಇದರ ಜೊತೆಗೆ ಹಳೆಯ ಬಾಯ್ಲರ್‌ಗಳನ್ನೂ ಬದಲಿಸಬೇಕು.

ಹಾಗಾಗಿ ಕಾನೂನಿನ ಬಾಗಿಲು ತೆರೆದರೂ ದುಡ್ಡಿನ ಬಾಗಿಲು ತೆರೆಯಲಿಲ್ಲ. ಹತ್ತು ವರ್ಷದ ಅನುಮತಿ ನಂಬಿ ಸಾಲ ಕೊಡುವವರು ಮೊದಲು ಕೇಳುವುದು, ಹನ್ನೊಂದನೇ ವರ್ಷ ಏನು ಎಂದು. 2008ರಲ್ಲಿ ಏನಾಯಿತು ಎಂಬುದು ಅವರಿಗೂ ಗೊತ್ತಿದೆ. ನಿಂತಷ್ಟು ದಿನ ರಿಪೇರಿ ಬೆಳೆಯುತ್ತದೆ, ಅನುಮತಿಯ ಅವಧಿ ಕರಗುತ್ತದೆ, ಆ ಕರಗಿದ ಅವಧಿಯಲ್ಲಿ ಹಾಕಿದ ದುಡ್ಡು ಹಿಂದೆ ಬರುವ ಸಾಧ್ಯತೆಯೂ ಕಡಿಮೆಯಾಗುತ್ತದೆ.

2028ರ ನಂತರ ಸಂಸತ್ತು ಮತ್ತೆ ವಿಸ್ತರಿಸಬಹುದು. ಇಲ್ಲವೇ ಯಾವುದೋ ಊರು ಮುಂದೆ ಬಂದು 'ನಮ್ಮ ದಡಕ್ಕೆ ತನ್ನಿ' ಎನ್ನಬಹುದು. ಹಾಗೆ ಹೋಟೆಲ್‌ನ ಸುದ್ದಿ ಬಂದರೆ, ಕೋಣೆ ಬಾಡಿಗೆ ಎಷ್ಟು ಎಂದು ನೋಡುವ ಮೊದಲು ಮೂರು ವಿಷಯ ಹುಡುಕಿ. ಹೊರಡುವ ಮೊದಲು ಹಡಗನ್ನು ಡ್ರೈಡಾಕ್‌ಗೆ ಎತ್ತುತ್ತಾರೆಯೇ? ಮುಂದಿನ ಸಲ ಎತ್ತುವ ದುಡ್ಡನ್ನು ಈಗಲೇ ಬೇರೆ ಖಾತೆಯಲ್ಲಿ ಇಡುತ್ತಾರೆಯೇ? ಎಂಜಿನ್ ಕೋಣೆಗೆ ಸಂಬಳದ ಒಬ್ಬ ಎಂಜಿನಿಯರ್ ಇರುತ್ತಾನೆಯೇ, ಅಥವಾ ಅದು ಫೋಟೊ ತೆಗೆಸಿಕೊಳ್ಳುವ ಜಾಗ ಆಗುತ್ತದೆಯೇ? ಮೂರನೆಯದಕ್ಕೆ ಉತ್ತರ ಪತ್ರಿಕಾ ಹೇಳಿಕೆಯಲ್ಲಿ ಇರುವುದಿಲ್ಲ. ನೇಮಕಾತಿ ಪಟ್ಟಿಯಲ್ಲಿ ಇರುತ್ತದೆ.